ಶಿವಪುತ್ರ ಅವರ ಬೇರೆ ವಿಳಾಸ

ಯಲಹಂಕದ ನಮ್ಮ ಕಾಲೇಜಿನ ಕಚೇರಿಯಲ್ಲಿ ಭಾಗ್ಯಶ್ರೀಯ ಮೇಜು ಮತ್ತು ನನ್ನ ಮೇಜು ಹದಿನಾರು ವರ್ಷದಿಂದ ಅಕ್ಕಪಕ್ಕದಲ್ಲಿವೆ. ಆದರೆ ನನಗೆ ಮೊದಲು ಪರಿಚಯವಾದದ್ದು ಅವಳಲ್ಲ, ಅವಳ ಗಂಡ ಶಿವಪುತ್ರ. ಕಾಲೇಜಿನ ಪ್ರಶ್ನೆಪತ್ರಿಕೆ, ರಸೀದಿ ಪುಸ್ತಕ, ವಾರ್ಷಿಕೋತ್ಸವದ ಆಹ್ವಾನಪತ್ರಿಕೆ ಎಲ್ಲವನ್ನೂ ಯಶವಂತಪುರದಲ್ಲಿದ್ದ ಅವರ ಪ್ರೆಸ್ಸಿನಲ್ಲೇ ಅಚ್ಚು ಮಾಡಿಸುತ್ತಿದ್ದೆವು.

ಗದಗಿನವರು. ಹದಿನೇಳನೇ ವಯಸ್ಸಿಗೆ ಅಲ್ಲಿನ ಒಂದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿ, ಆಮೇಲೆ ಬೆಂಗಳೂರಿಗೆ ಬಂದು, ಹತ್ತು ವರ್ಷ ಬೇರೆಯವರ ಕೈಕೆಳಗೆ ದುಡಿದು, ಎರಡು ಸಾವಿರದ ನಾಲ್ಕರಲ್ಲಿ ಸ್ವಂತ ಪ್ರೆಸ್ಸು ಹಾಕಿದ್ದರು. ಹೆಸರು ಭಾಗ್ಯ ಪ್ರಿಂಟರ್ಸ್. ನಾವು ಕೊಟ್ಟದ್ದನ್ನು ಕೊಟ್ಟ ಹಾಗೇ ಅಚ್ಚು ಹಾಕುವ ಜಾಯಮಾನ ಅವರದಲ್ಲ. ಒಮ್ಮೆ ನಮ್ಮ ಪ್ರಾಂಶುಪಾಲರ ಸಂದೇಶವನ್ನು ತಿದ್ದಿ ವಾಪಸು ತಂದು ನನ್ನ ಮುಂದಿಟ್ಟರು.

"ಮೇಡಮ್ಮಾರ, 'ದೃಢ' ಅಂತ ಬರೀಬೇಕಾದ್ರ ಹೊಟ್ಟಿ ಸೀಳೂದು ಎರಡನೇ ಅಕ್ಷರಕ್ಕ. ಸಾಹೇಬ್ರು ಮೊದಲನೇದಕ್ಕ ಸೀಳ್ಯಾರ. ನಾ ಸರಿ ಮಾಡೇನಿ, ಅವರಿಗೆ ಹೇಳಾಕ ಹೋಗಬ್ಯಾಡ್ರಿ."

ಕಚೇರಿಯಲ್ಲಿ ಒಂದು ಗುಮಾಸ್ತೆ ಹುದ್ದೆ ಖಾಲಿಯಾದಾಗ ಅವರೇ ಸಂಕೋಚದಿಂದ ಕೇಳಿದ್ದರು, "ನಮ್ಮ ಮನಿಯಾಗ ಬಿ.ಎ. ಮಾಡಿದಾಕಿ ಅದಾಳ್ರಿ, ಅಕ್ಷರ ಚಂದ ಅದಾವು" ಎಂದು. ಹಾಗೆ ಬಂದವಳು ಭಾಗ್ಯ. ಮಗಳು ಚಿತ್ರಾ ಆಗ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು.

ಎರಡು ಸಾವಿರದ ಹದಿನೆಂಟರಲ್ಲಿ ಶಿವಪುತ್ರ ಸಾಲ ಮಾಡಿ ನಾಲ್ಕು ಬಣ್ಣದ ಒಂದು ಹಳೇ ಯಂತ್ರ ಕೊಂಡರು. ಲಗ್ನಪತ್ರಿಕೆಯ ಕೆಲಸ ಅದರಲ್ಲಿ ಚೆನ್ನಾಗಿ ನಡೆಯಿತು. ಎರಡನೇ ಬೇಸಿಗೆ ಬರುವಷ್ಟರಲ್ಲಿ ಲಾಕ್‌ಡೌನ್. ಏಪ್ರಿಲ್, ಮೇ ತಿಂಗಳ ಹನ್ನೊಂದು ಮದುವೆಗಳ ಕಾರ್ಡುಗಳು ಅಚ್ಚಾಗಿ, ಕಟ್ಟು ಕಟ್ಟಿ, ಗೋಡೆಗೆ ಒರಗಿ ಕೂತಿದ್ದವು. ಒಂದನ್ನೂ ಯಾರೂ ಒಯ್ಯಲಿಲ್ಲ. ಮುಂದೆ ಮದುವೆಗಳು ನಡೆದವು, ಐವತ್ತು ಜನರೊಳಗೆ, ಮೊಬೈಲಿನಲ್ಲಿ ಕಳಿಸುವ ಕಾರ್ಡಿನಲ್ಲಿ. ಕಾಲೇಜು ಮುಚ್ಚಿದ್ದರಿಂದ ನಮ್ಮ ಕೆಲಸವೂ ಅವರಿಗೆ ತಪ್ಪಿತು. ಇಬ್ಬರು ಕೆಲಸಗಾರರಿಗೆ ಆಗಸ್ಟಿನವರೆಗೆ ಸಂಬಳ ಕೊಟ್ಟರು. ಯಂತ್ರದ ಕಂತು ನಿಂತಿತು, ಕಾಗದದ ವ್ಯಾಪಾರಿಗಳ ಬಾಕಿ ಬೆಳೆಯಿತು. ಅದನ್ನು ಕಟ್ಟಲು ಕೈಸಾಲ, ಕೈಸಾಲ ತೀರಿಸಲು ಇನ್ನೊಂದು ಕೈಸಾಲ. ಸಾಲ ಕೊಟ್ಟವರು ಯಶವಂತಪುರದ ಅವರ ಬಾಡಿಗೆ ಮನೆಯ ಗೇಟಿನ ಮುಂದೆ ನಿಂತು ಕೂಗಾಡಿದ್ದೂ ಉಂಟು. ಮರುದಿನ ಭಾಗ್ಯ ಕೆಲಸಕ್ಕೆ ಬಂದಾಗ ಯಾರ ಕಡೆಗೂ ಕಣ್ಣೆತ್ತದೆ ಕೂರುತ್ತಿದ್ದಳು.

ಕೊನೆಗೆ ವಕೀಲರ ಮಾತು ಕೇಳಿ ಶಿವಪುತ್ರ ಕೋರ್ಟಿಗೆ ಅರ್ಜಿ ಹಾಕಿದರು, ನಾನು ಸಾಲ ತೀರಿಸಲಾರೆ, ದಿವಾಳಿಯಾಗಿದ್ದೇನೆ ಎಂದು. ಯಂತ್ರಗಳನ್ನೆಲ್ಲ ಮಾರಿ, ಬಂದದ್ದನ್ನು ಸಾಲ ಕೊಟ್ಟವರಿಗೆ ಹಂಚಲಾಯಿತು. ಅದಕ್ಕೆ ಮೊದಲು ಕೋರ್ಟಿನ ಪ್ರಕಟಣೆ ಪತ್ರಿಕೆಯಲ್ಲಿ ಬಂದಿತ್ತು. ಆ ದಿನ ಅವರು ಪತ್ರಿಕೆ ಹಿಡಿದುಕೊಂಡು ನಮ್ಮ ಕಚೇರಿಗೇ ಬಂದರು. ಹೆಂಡತಿಗೆ ತೋರಿಸಲು ಬಂದಿರಬೇಕು, ಅವಳು ಬ್ಯಾಂಕಿಗೆ ಹೋಗಿದ್ದಳು. ನನ್ನ ಮೇಜಿನ ಮೇಲೆ ಹರಡಿ ಬೆರಳಿಟ್ಟು ತೋರಿಸಿದರು.

"ನೋಡ್ರಿ ಮೇಡಮ್ಮಾರ. ಪ ಅಕ್ಷರಕ್ಕ ಕೊಂಬು ಬಿಟ್ಟಾರ. ಶಿವಪತ್ರ ಅಂತ ಮಾಡ್ಯಾರ."

ಅವರು ಪತ್ರಿಕೆ ಮಡಿಸಿ ಬಗಲಿಗೆ ಸಿಕ್ಕಿಸಿಕೊಂಡು ಬಸ್ಸಿಗೆ ಹೋದರು.

ಎರಡು ವರ್ಷದ ಮೇಲೆ ಕೋರ್ಟು ಅವರನ್ನು ಸಾಲದಿಂದ ಬಿಡುಗಡೆ ಮಾಡಿತು. ಕಾನೂನಿನ ಲೆಕ್ಕದಲ್ಲಿ ಎಲ್ಲ ಮುಗಿಯಿತು. ಅಬ್ಬಿಗೆರೆಯಲ್ಲಿ ಫ್ಲೆಕ್ಸ್ ಬ್ಯಾನರು ಮುದ್ರಿಸುವ ಒಂದು ಅಂಗಡಿಯಲ್ಲಿ ಅವರು ಸಂಬಳಕ್ಕೆ ಸೇರಿಕೊಂಡರು. ಹುಟ್ಟುಹಬ್ಬದ ಶುಭಾಶಯ, ರಾಜಕೀಯದವರ ಮುಖಗಳು, ಸತ್ತವರ ಶ್ರದ್ಧಾಂಜಲಿ. ಮನೆಯಲ್ಲಿ ಮಾತು ಕಡಿಮೆ ಮಾಡಿದರು. ಭಾಗ್ಯ ಅಡುಗೆ ಮನೆಯಲ್ಲಿದ್ದರೆ ಅವರು ಜಗಲಿಯಲ್ಲಿ, ಅವಳು ಜಗಲಿಗೆ ಬಂದರೆ ಅವರು ಒಳಗೆ. ಜಗಳ ಇರಲಿಲ್ಲ. "ಬೈದರ ನನಗ ಎಷ್ಟೋ ಸಮಾಧಾನ ಆಗ್ತಿತ್ತ ಜಯಾ" ಎಂದು ಭಾಗ್ಯ ಒಂದು ಸಲ ನನ್ನ ಹತ್ತಿರ ಅಂದಿದ್ದಳು.

ಕಳೆದ ವರ್ಷದ ಹಿಂದಿನ ವರ್ಷ ಅವರ ಬಾಡಿಗೆ ಮನೆಯ ಮಾಲೀಕರು ಮನೆ ಕೆಡವಿ ಪಿಜಿ ಕಟ್ಟಿಸಲು ಹೊರಟರು. ಆಗ ಭಾಗ್ಯ ಹಟ ಹಿಡಿದಳು, ಹೋಗುವುದಾದರೆ ಸ್ವಂತ ಮನೆಗೇ ಹೋಗುವುದು ಎಂದು. ತನ್ನ ಬಾಗಿಲ ಮುಂದೆ ನಿಂತು ಯಾರೂ ಕೂಗಬಾರದು, ಕೂಗಿದರೂ ಮಾಲೀಕರು ಮೇಲಿನಿಂದ ಬಗ್ಗಿ ನೋಡಬಾರದು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಗದಗಿನಲ್ಲಿ ತವರಿನ ನಿವೇಶನ ಮಾರಿ ಅಣ್ಣಂದಿರು ಅವಳ ಪಾಲು ಕಳಿಸಿದ್ದರು. ಅಟ್ಟೂರು ಲೇಔಟಿನಲ್ಲಿ ಒಂದು ಬೆಡ್‌ರೂಮಿನ ಹಳೇ ಫ್ಲಾಟು ಕೈಗೆಟಕುವ ಬೆಲೆಗೆ ಸಿಕ್ಕಿತು. ಉಳಿದದ್ದಕ್ಕೆ ಸಾಲ ಬೇಕು.

ದೊಡ್ಡ ಬ್ಯಾಂಕಿನವರು ಫ್ಲಾಟು ಪಾಲಿಕೆಯ ಪೂರ್ಣ ಮಾನ್ಯತೆ ಇಲ್ಲದ ಬಿ ಖಾತೆಯದು ಎಂದು ಕೇಳಿದ ಕೂಡಲೇ ಫೈಲು ಮುಚ್ಚಿ ಕೊಟ್ಟರು. ಅಂಥ ಮನೆಗೆ ಸಾಲ ಕೊಡುವ ಒಂದು ಖಾಸಗಿ ಫೈನಾನ್ಸ್ ಕಂಪನಿ ಇದೆ ಎಂದು ಗೊತ್ತಾಗಿ, ಹೆಬ್ಬಾಳದಲ್ಲಿ ಅದರ ಏಜೆಂಟ್ ಭೀಮರಾಜ್ ಎಂಬವನ ಬಳಿಗೆ ಗಂಡಹೆಂಡತಿ ಹೋದರು. ಜೊತೆಗೆ ನಾನೂ ಹೋಗಿದ್ದೆ, ಪರಿಚಯದವರ ಮೂಲಕ ಅವನನ್ನು ಹುಡುಕಿಕೊಟ್ಟವಳು ನಾನೇ ಆದ್ದರಿಂದ.

ಭೀಮರಾಜ್ ಒಳ್ಳೆಯ ಮಾತಿನವನು. ಭಾಗ್ಯಳ ಸಂಬಳದ ಚೀಟಿ ನೋಡಿ ತಲೆಯಾಡಿಸಿದ. ಆಮೇಲೆ ಶಿವಪುತ್ರರ ಪ್ಯಾನ್ ನಂಬರನ್ನು ಕಂಪ್ಯೂಟರಿಗೆ ಹಾಕಿ ನೋಡಿ, ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿದ.

"ಸಾರ್, ತಪ್ಪು ತಿಳ್ಕೋಬೇಡಿ. ನಿಮ್ ಹೆಸ್ರು ಬಂದ್ರೆ ಫೈಲ್ ಪಾಸ್ ಆಗಲ್ಲ."

"ನನ್ನ ಹೆಸರು ಬ್ಯಾಡ್ರಿ. ಮನಿ ಆಕಿ ಹೆಸರಿಗೇ ಇರಲಿ" ಎಂದರು ಶಿವಪುತ್ರ.

"ಮನೆ ಮೇಡಂ ಹೆಸ್ರಲ್ಲೇ ಇರ್ಲಿ ಸಾರ್. ಆದ್ರೆ ಈ ಕಂಪನಿ ರೂಲ್ಸ್ ಏನಂದ್ರೆ, ಮದುವೆ ಆಗಿರೋರು ಲೋನ್ ತಗೊಂಡ್ರೆ ಗಂಡಾನೂ ಸೈನ್ ಹಾಕ್ಬೇಕು. ಗಂಡ ಜೊತೇಲಿ ಇಲ್ಲಾಂದ್ರೆ ಮಾತ್ರ ಬೇಡ."

"ಜೊತೆಗಿಲ್ಲ ಅಂದ್ರ?" ಶಿವಪುತ್ರ ಕೇಳಿದರು.

ಭೀಮರಾಜ್ ದನಿ ತಗ್ಗಿಸಿದ. "ಬೇರೆ ಇದೀವಿ ಅಂತ ಒಂದ್ ಅಫಿಡವಿಟ್. ಪೇಪರ್ ಮೇಲೆ ಅಷ್ಟೇ ಸಾರ್. ನಿಮ್ಗೊಂದು ಬೇರೆ ಅಡ್ರೆಸ್ ಇರ್ಬೇಕು. ವೆರಿಫಿಕೇಷನ್‌ಗೆ ಬಂದಾಗ ನೀವು ಮನೇಲಿ ಇರ್ಬಾರ್ದು. ಲೋನ್ ಬಂದ್ಮೇಲೆ ಯಾರು ಕೇಳ್ತಾರೆ? ಆರಾಮಾಗಿ ಒಟ್ಟಿಗೇ ಇರಿ."

ಭಾಗ್ಯ ಎದ್ದು ನಿಂತಳು. "ನಮಗ ಬ್ಯಾಡ ಬಿಡ್ರಿ. ಗಂಡ ಇದ್ದೂ ಇಲ್ಲ ಅಂತ ಬರಕೊಟ್ಟು ಮನಿ ತಗೊಳ್ಳೂದು ಬ್ಯಾಡ."

ಶಿವಪುತ್ರ ಏಳಲಿಲ್ಲ. "ಕುಂದ್ರು ಭಾಗ್ಯಾ" ಎಂದರು. "ನನ್ನಿಂದ ಆಗಿದ್ದು ಒಂದರ ನನ್ನಿಂದ ಸರಿ ಆಗಲಿ."

ಅವರು ಅಷ್ಟು ಬೇಗ ಒಪ್ಪಿದ್ದನ್ನು ನಾನು ಆಗ ದೊಡ್ಡ ಮನಸ್ಸು ಎಂದುಕೊಂಡೆ.

ಅಬ್ಬಿಗೆರೆಯ ಹಳೇ ಊರಿನಲ್ಲಿ ಮುನಿಯಲ್ಲಮ್ಮ ಎಂಬ ಮುದುಕಿಯ ವಠಾರದಲ್ಲಿ ಒಂದು ಕೋಣೆ ಹಿಡಿದರು. ಫ್ಲೆಕ್ಸ್ ಅಂಗಡಿಗೆ ಅದು ನಡೆದು ಹೋಗುವಷ್ಟು ಹತ್ತಿರ. ಛಾಪಾ ಕಾಗದದ ಮೇಲೆ ಅಫಿಡವಿಟ್ ತಯಾರಾಯಿತು. ಸಾಕ್ಷಿಗೆ ನಾನು ಸಹಿ ಹಾಕಿದೆ. ಇಬ್ಬರೂ ಪರಸ್ಪರ ಒಪ್ಪಿಗೆಯಿಂದ ಎರಡು ವರ್ಷದಿಂದ ಬೇರೆ ಬೇರೆ ವಾಸವಾಗಿದ್ದಾರೆ ಎಂದು ಅದರಲ್ಲಿ ಬರೆದಿತ್ತು. ಟೈಪಿಸ್ಟ್ 'ಪರಸ್ಪರ'ವನ್ನು 'ಪರಸ್ಫರ' ಮಾಡಿದ್ದ. ಸಹಿಗೆ ಮೊದಲು ಶಿವಪುತ್ರ ಜೇಬಿನಿಂದ ಪೆನ್ನು ತೆಗೆದು ಅದನ್ನು ತಿದ್ದಿ, ಪಕ್ಕದಲ್ಲಿ ಚಿಕ್ಕದಾಗಿ ಸಹಿ ಮಾಡಿದರು. ಭಾಗ್ಯ ಮುಖ ತಿರುಗಿಸಿದಳು.

ಕಂಪನಿಯವರು ಅವರಿದ್ದ ಬಾಡಿಗೆ ಮನೆ ನೋಡಲು ಬರುವ ಹಿಂದಿನ ದಿನದ್ದನ್ನು ಭಾಗ್ಯ ನನಗೆ ಎಷ್ಟು ಸಲ ಹೇಳಿದ್ದಾಳೋ. ಶಿವಪುತ್ರ ತಮ್ಮ ಬಟ್ಟೆಗಳನ್ನು ತಾವೇ ಮಡಿಸಿ ಎರಡು ಚೀಲಕ್ಕೆ ತುಂಬಿದರು. ಚಪ್ಪಲಿ, ರೇಜರು, ಕನ್ನಡಕದ ಡಬ್ಬಿ, ಬಿಪಿ ಮಾತ್ರೆಯ ಚೀಟಿ. ಹಾಸಿಗೆಯ ಕೆಳಗೆ ಬಗ್ಗಿ ನೋಡಿದರು. ಪ್ರೂಫು ತಿದ್ದುವ ಕೆಲಸದಲ್ಲಿ ಹೇಗೆ ಸಾಲು ಸಾಲಾಗಿ ನೋಡುತ್ತಿದ್ದರೋ ಹಾಗೆ ಮನೆಯನ್ನು ಮೂಲೆಯಿಂದ ಮೂಲೆಗೆ ನೋಡಿದರು. ಗೋಡೆಯ ಮೇಲಿದ್ದ ಮದುವೆಯ ಫೋಟೋ ತೆಗೆದಾಗ ಅಲ್ಲಿ ಬಿಳಿಯ ಚೌಕ ಉಳಿಯಿತು. ಅದರ ಮೇಲೆ ಚಿತ್ರಾ ಒಂದು ಕ್ಯಾಲೆಂಡರ್ ತೂಗುಹಾಕಿದಳು.

"ಅಪ್ಪಾ, ಇದೆಲ್ಲಾ ಯಾಕಪ್ಪಾ ಬೇಕು? ಬೇರೆ ಬಾಡಿಗೆ ಮನೇಲೇ ಇರೋಣ" ಎಂದಳಂತೆ.

"ಎರಡ ದಿನದ್ದು ಐತಿ ತಂಗಿ. ನೀ ಅಳಬ್ಯಾಡ, ನಾಳೆ ಕಣ್ಣು ಊದಿದ್ರ ಅವರಿಗೆ ಅನುಮಾನ ಬರ್ತದ."

ಮರುದಿನ ಬಂದ ಗಯಾಸ್ ಎಂಬ ಹುಡುಗ ತುಂಬ ಮರ್ಯಾದೆಯವನು. ಚಪ್ಪಲಿ ಹೊರಗೆ ಬಿಟ್ಟು ಬಂದ, ನೀರು ಕೇಳಿ ಕುಡಿದ, ಎರಡು ಕೋಣೆಗಳ ಫೋಟೋ ತೆಗೆದುಕೊಂಡ. ಹೋಗುವಾಗ ಚಿತ್ರಾಳನ್ನು ಕೇಳಿದ, "ಫಾದರ್ ಯಾವಾಗ್ಲಾದ್ರೂ ಬರ್ತಾರಾ ಸಿಸ್ಟರ್?"

"ಬರಲ್ಲ" ಎಂದಳು ಚಿತ್ರಾ.

"ಫೋನ್ ಮಾಡ್ತಾರಾ?"

ಅವಳಿಗೆ ಅಳು ಬಂದೇಬಿಟ್ಟಿತು. ಗಯಾಸ್ ಗಾಬರಿಯಾಗಿ, "ಸಾರಿ ಮೇಡಂ, ಸಾರಿ, ಇದು ಕೇಳ್ಬೇಕಾಗಿರೋ ಕ್ವೆಶ್ಚನ್ನು" ಎನ್ನುತ್ತ ಕಾಗದ ಎತ್ತಿಕೊಂಡು ಹೊರಟ. ಸಾಲ ಮಂಜೂರಾಯಿತು. ಹನ್ನೊಂದು ವರ್ಷದ ಕಂತು, ಭಾಗ್ಯ ನಿವೃತ್ತಿಯಾಗುವ ತಿಂಗಳವರೆಗೆ.

ಗೃಹಪ್ರವೇಶದ ದಿನ ಭೀಮರಾಜ್ ಫೋನು ಮಾಡಿ, ಕಂಪನಿಯ ಮ್ಯಾನೇಜರನ್ನೂ ಕರೆತರುತ್ತೇನೆ, ಕೀಲಿ ಕೊಡುವ ಫೋಟೋ ಬೇಕಂತೆ ಎಂದ. ಬೇಡ ಎನ್ನಲಾಗಲಿಲ್ಲ. ಪೂಜೆಗೆ ಭಾಗ್ಯ ಒಬ್ಬಳೇ ಕೂತಳು, ಪಕ್ಕದಲ್ಲಿ ಮಗಳು. ಪೂಜೆ ಮಾಡಿಸುತ್ತಿದ್ದ ಅಯ್ಯನವರು ಎರಡು ಸಲ ಕೇಳಿದರು, "ಯಜಮಾನ್ರು ಎಲ್ಲೆವ್ವಾ?"

"ಊರಾಗ ಅದಾರ್ರಿ. ಬರಾಕ ಆಗಲಿಲ್ಲ."

ಊಟದ ಪಂಕ್ತಿಯಲ್ಲಿ ಕೂತಿದ್ದ ನನ್ನ ಲೋಟಕ್ಕೆ ಯಾರೋ ಮಜ್ಜಿಗೆ ಬಡಿಸಿದರು. ತಲೆಯೆತ್ತಿದರೆ ಶಿವಪುತ್ರ. ಅಡುಗೆಯವರ ಹುಡುಗರ ಹಾಗೆ ಹೆಗಲಿಗೆ ಟವೆಲು ಹಾಕಿಕೊಂಡು, ಕೈಯಲ್ಲಿ ಬಕೆಟ್ಟು. ಮುಂದಿನ ಎಲೆಯಲ್ಲಿ ಮ್ಯಾನೇಜರು ಕೂತಿದ್ದರು. ಅವರಿಗೂ ಬಡಿಸಿದರು. ಎಲ್ಲರೂ ಹೋದ ಮೇಲೆ ಪಾತ್ರೆಗಳನ್ನು ಕೆಳಗೆ ಸಾಗಿಸಿ, ಅಡುಗೆಯವರ ಗಾಡಿಯಲ್ಲೇ ಹೊರಟುಹೋದರು. ಮನೆಯ ಒಳಕೋಣೆಯನ್ನು ಅವತ್ತು ನೋಡಿದರೋ ಇಲ್ಲವೋ, ಭಾಗ್ಯಳಿಗೂ ಗೊತ್ತಿಲ್ಲ.

ಮಾತಾಗಿದ್ದದ್ದು ಮೂರು ತಿಂಗಳು ಕಾದು ಅವರು ಬಂದು ಸೇರಬೇಕೆಂದು. ಮೂರು ತಿಂಗಳು ಆಯಿತು, ಆರಾಯಿತು. ಭಾನುವಾರ ಬರುತ್ತಿದ್ದರು. ಭಾಗ್ಯ ಒಂದು ಕೀಲಿ ಮಾಡಿಸಿ ಕೊಟ್ಟಿದ್ದಳು, ಆದರೂ ಬೆಲ್ಲು ಒತ್ತಿ ನಿಲ್ಲುತ್ತಿದ್ದರು. ಬರುವಾಗ ಬಾಳೆಹಣ್ಣೋ ಖಾರದ ತಿಂಡಿಯೋ ತರುತ್ತಿದ್ದರು, ನೆಂಟರ ಮನೆಗೆ ತರುವ ಹಾಗೆ. ಊಟ ಮಾಡಿ, ತಟ್ಟೆ ತೊಳೆದಿಟ್ಟು, ನಾಲ್ಕು ಗಂಟೆಯ ಬಸ್ಸು ಹಿಡಿಯುತ್ತಿದ್ದರು.

"ಇವತ್ತು ಇರ್ರಿ" ಎಂದರೆ, "ಯಾರರ ಮತ್ತ ತಪಾಸಣಿಗೆ ಬಂದ್ರ?" ಎನ್ನುತ್ತಿದ್ದರು.

"ಯಾರೂ ಬರಂಗಿಲ್ಲಂತ, ಭೀಮರಾಜ್ ಹೇಳ್ಯಾನ."

"ಇನ್ನೊಂದ ತಿಂಗಳ ನೋಡೂನು."

ಭಾಗ್ಯ ಕೇಳಿಕೊಂಡಿದ್ದರಿಂದ ನಾನೇ ಒಂದು ದಿನ ಅಬ್ಬಿಗೆರೆಯ ಅಂಗಡಿಗೆ ಹೋದೆ. ಅವರು ಯಾರದೋ ಕೈಲಾಸ ಸಮಾರಾಧನೆಯ ಬ್ಯಾನರನ್ನು ಕತ್ತರಿಸುತ್ತಿದ್ದರು. ಹೊರಗೆ ಕರೆದು, ಮನೆಗೆ ಯಾಕೆ ಹೋಗುತ್ತಿಲ್ಲ ಎಂದು ನೇರವಾಗಿ ಕೇಳಿದೆ. ಬಹಳ ಹೊತ್ತು ಕೈಯ ಬಣ್ಣ ಒರೆಸಿಕೊಂಡರು.

"ನಿಮಗ ಸುಳ್ಳ ಹೇಳಂಗಿಲ್ಲ ಮೇಡಮ್ಮಾರ. ಆ ಖೋಲಿಗೆ ಹೋದ ಮೊದಲನೇ ವಾರ ನನಗ ಅನ್ನ ಇಳೀಲಿಲ್ಲ. ಎರಡನೇ ವಾರ ನಿದ್ದಿ ಬಂತು. ನಾಕ ವರ್ಷಕ್ಕ ನಿದ್ದಿ ಬಂತ್ರಿ. ಯಾಕಂದ್ರ ಅಲ್ಲಿ ನನ್ನ ನೋಡಾವ್ರು ಯಾರೂ ಇಲ್ಲ. ಆಕಿ ಒಂದ ಮಾತ ಅಂದಾಕಿ ಅಲ್ಲ, ಆದ್ರ ಆಕಿ ಮಾರಿ ನೋಡಿದ್ರ ನನಗ ಕೋರ್ಟಿನ ಕಟಕಟಿ ನೆನಪಾಗ್ತದ. ಬೆಳಿಗ್ಗೆ ಎದ್ದ ಕೂಡ್ಲೆ ಅದ. ನಾ ಏನ ಮಾಡ್ಲಿ?"

"ಅವಳು ನಿಮಗೋಸ್ಕರ ತಗೊಂಡಿರೋ ಮನೆ ಅದು" ಎಂದೆ.

"ಆಕಿ ದುಡದ ತಗೊಂಡಾಳ್ರಿ. ಆಕಿ ಇರ್ಲಿ, ಮಗಳು ಇರ್ಲಿ. ನಾ ಹೋಗಿ ಕುಂತ್ರ ಅಲ್ಲೂ ಯಶವಂತಪುರದ ಮನೀನ ಆಗ್ತದ."

ಇದನ್ನು ಭಾಗ್ಯಳಿಗೆ ಪೂರ್ತಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಇನ್ನಷ್ಟು ದಿನ ಬೇಕಂತೆ ಎಂದೆ. ಅವಳು ನನ್ನ ಮುಖ ನೋಡಿ, ಹೂಂ ಎಂದಷ್ಟೇ ಹೇಳಿ ಹಾಜರಿ ಪುಸ್ತಕ ತೆರೆದಳು.

ಕಳೆದ ಸೆಪ್ಟೆಂಬರಿನಲ್ಲಿ ಶಿವಪುತ್ರರಿಗೆ ಡೆಂಗೆ ಜ್ವರ ಬಂತು. ಎರಡು ಭಾನುವಾರ ಬರಲಿಲ್ಲ, ಕೆಲಸ ಹೆಚ್ಚಿದೆ ಎಂದು ಫೋನಿನಲ್ಲಿ ಹೇಳಿದ್ದರು. ಕೊನೆಗೆ ಅವರ ಫೋನಿನಿಂದಲೇ ಮುನಿಯಲ್ಲಮ್ಮ ಕರೆ ಮಾಡಿದಳು. ಭಾಗ್ಯ ಕಾಲೇಜಿನಿಂದಲೇ ಆಟೋ ಹತ್ತಿದಳು. ವಠಾರದ ಬಾಗಿಲಲ್ಲಿ ಮುದುಕಿ ತಡೆದು ನಿಲ್ಲಿಸಿದಳಂತೆ.

"ನೀವ್ಯಾರವ್ವಾ?"

"ಅವರ ಮನಿಯಾಕಿ."

"ಅಯ್ಯೋ, ಎಂಡ್ರು ಬುಟ್ಟೋಗವ್ರೆ ಅಂದಿದ್ರಲ್ಲ ಅಪ್ಪಾಜಿ! ಫೋನಾಗೆ ಭಾಗ್ಯ ಅಂತ ಒಂದೇ ಎಸ್ರು ಮ್ಯಾಲಿತ್ತು, ತಂಗೀನೋ ಏನೋ ಅನ್ಕಂಡು ಮಾಡ್ದೆ. ಇಂಗೆ ಮೂರ್ ದಿನದಿಂದ ಗಂಜೀನೂ ಮುಟ್ಟಿಲ್ಲ, ಒಳಕ್ಕೆ ಬಾ ತಾಯಿ."

ಭಾಗ್ಯ ಒಳಗೆ ಹೋದಳು. ಹತ್ತಡಿಯ ಕೋಣೆ. ಚೊಕ್ಕಟವಾಗಿತ್ತು. ಒಂದು ಚಾಪೆ, ಒಂದು ಸ್ಟೌ, ಒಂದು ತಟ್ಟೆ, ಕಿಟಕಿಯಲ್ಲಿ ತುಳಸಿ ನೆಟ್ಟ ಬಣ್ಣದ ಡಬ್ಬಿ. ಗೋಡೆಗೆ ಚಿತ್ರಾಳ ಹತ್ತನೇ ತರಗತಿಯ ಫೋಟೋ. "ಅಲ್ಲಿ ಎಲ್ಲಾ ಇತ್ತು ಜಯಾ. ಒಬ್ಬ ಮನುಷ್ಯಾಗ ಏನ ಬೇಕೋ ಅಷ್ಟೂ ಇತ್ತು. ಅದ ನೋಡಿ ನನಗ ಹೆದರಿಕಿ ಆತು" ಎಂದಳು ಆಮೇಲೆ.

ಆಸ್ಪತ್ರೆಗೆ ಸೇರಿಸಿದಳು. ನಾಲ್ಕು ದಿನದ ಮೇಲೆ ಬಿಟ್ಟಾಗ ಕೇಳದೆಯೇ ಅಟ್ಟೂರಿಗೆ ಕರೆದೊಯ್ದಳು. ಶಿವಪುತ್ರ ವಿರೋಧ ಮಾಡಲಿಲ್ಲ. ಒಂಬತ್ತು ದಿನ ಇದ್ದರು. ನಾನು ನೋಡಲು ಹೋದಾಗ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಚಿತ್ರಾಗೆ ಹೆಬ್ಬಾಳದ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು, ಅದನ್ನು ಸಂತೋಷದಿಂದ ಹೇಳಿದರು. ಎಲ್ಲ ಸರಿಹೋಯಿತೇನೋ ಎಂದುಕೊಂಡು ನಾನು ಬಂದೆ.

ಆ ದಿನಗಳಲ್ಲಿ ಭಾಗ್ಯ ಗಮನಿಸಿದ್ದು ಬೇರೆ. ಅವರು ಯಾವ ಡಬ್ಬಿಯ ಮುಚ್ಚಳವನ್ನೂ ತಾವಾಗಿ ತೆಗೆಯುತ್ತಿರಲಿಲ್ಲ. ಫ್ಯಾನು ಹಾಕಲೇ ಎಂದು ಕೇಳುತ್ತಿದ್ದರು. ನಡುರಾತ್ರಿ ಕೆಮ್ಮು ಬಂದರೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಕೆಮ್ಮುತ್ತಿದ್ದರು. ಹತ್ತನೇ ದಿನ ಬೆಳಿಗ್ಗೆ ಸ್ನಾನ ಮಾಡಿ, ಚೀಲ ತಯಾರು ಮಾಡಿಕೊಂಡು ಕುರ್ಚಿಯಲ್ಲಿ ಕೂತಿದ್ದರು.

"ಹೋಗಿಬರ್ತೇನಿ ಭಾಗ್ಯಾ. ಅಂಗಡಿಯವ ಎಷ್ಟ ದಿನ ಕಾಯ್ತಾನ."

ಭಾಗ್ಯ ಅತ್ತುಕರೆದು ಮಾಡಲಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಿದಳು. "ಆ ಮುದುಕಿ ಮುಂದ, ನಾ ನಿಮ್ಮನ್ನ ಬಿಟ್ಟಹೋಗೇನಿ ಅಂತ ಯಾಕ ಹೇಳಿದ್ರಿ?"

ಅವರು ನೆಲ ನೋಡಿದರು. "ನಾ ಬಿಟ್ಟ ಬಂದೇನಿ ಅಂತ ಹೇಳಾಕ ನಾಚಿಕಿ ಆತು."

ಆ ಮಾತು ಹೇಳಿದಾಗಲೇ ಇಬ್ಬರಿಗೂ ತಿಳಿಯಿತಂತೆ. ಅವರು ದೂರ ಉಳಿದದ್ದಕ್ಕೆ ಕಂಪನಿ, ಸಾಲ, ತಪಾಸಣೆ ಯಾವುದೂ ಕಾರಣವಾಗಿರಲಿಲ್ಲ. ಭಾಗ್ಯ ಅವರಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಮಾತ್ರೆಗಳನ್ನು ಯಾವುದು ಯಾವಾಗ ಎಂದು ಬರೆದುಕೊಟ್ಟಳು. ಬಸ್‌ಸ್ಟಾಪಿನವರೆಗೆ ಜೊತೆಗೆ ನಡೆದಳು. ದಾರಿಯಲ್ಲಿ ಅವರು, "ಕಂತು ಕಟ್ಟಾಕ ಪ್ರತಿ ತಿಂಗಳ ನಾನೂ ಸ್ವಲ್ಪ ಕಳಸ್ತೇನಿ" ಎಂದರು. ಅವಳು, "ಕಳಸ್ರಿ" ಎಂದಳು. ಬೇಡ ಎಂದರೆ ಉಳಿದಿರುವ ಆ ಒಂದು ನಂಟೂ ತಪ್ಪಿಹೋಗುತ್ತದೆ ಎಂದು ಅವಳಿಗೆ ಅನ್ನಿಸಿತ್ತು.

ಮರುದಿನ ಸೋಮವಾರ. ಇಷ್ಟನ್ನೂ ಅವಳು ನನಗೆ ಹೇಳಿದ್ದು ಪರೀಕ್ಷಾ ಶುಲ್ಕದ ಅರ್ಜಿಗಳನ್ನು ವಿಂಗಡಿಸುತ್ತ, ದನಿ ಏರಿಸದೆ, ಕೈ ನಿಲ್ಲಿಸದೆ. ನಾನು ಅವಳ ಕೈ ಹಿಡಿದೆ. ಅವಳು ಮೆಲ್ಲಗೆ ಬಿಡಿಸಿಕೊಂಡಳು. ಹೊರಗೆ ಹುಡುಗರ ಸಾಲು ಮೆಟ್ಟಿಲವರೆಗೆ ಬೆಳೆದಿತ್ತು. ಗಂಟೆ ಹತ್ತಾಗಿತ್ತು. ಭಾಗ್ಯ ಎದ್ದು ಹೋಗಿ ಕೌಂಟರಿನ ಕಿಟಕಿ ತೆರೆದಳು.